ಮಾದೇವಿಗಾಗಿ ನಾನು ಕಟ್ಟಿಸಿದ ಇಳಿಜಾರು

ಧರ್ಮಪುರಿಯ ಮೂರು ದಿನದ ತರಬೇತಿ ಮುಗಿಸಿ ಪೆನ್ನಾಗರಂ ಬಸ್ಸು ಹತ್ತಿದಾಗ ಆ ಬಸ್ಸಿನಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಡ್ರೈವರಿಗೆ ದಾರಿ ತಿಳಿದಿತ್ತು, ಅದನ್ನು ಒಪ್ಪುತ್ತೇನೆ. ಉಳಿದ ಜ್ಞಾನವೆಲ್ಲ ನನ್ನ ಬಟ್ಟೆಚೀಲದಲ್ಲಿತ್ತು. ಸೈಕ್ಲೋಸ್ಟೈಲ್ ಮಾಡಿದ ಹನ್ನೆರಡು ಹಾಳೆ, ಮೇಲೆ ತಮಿಳಿನಲ್ಲಿ ದಪ್ಪಕ್ಷರದ ತಲೆಬರಹ. ಕನ್ನಡದಲ್ಲಿ ಹೇಳುವುದಾದರೆ, 'ಎಲ್ಲ ಮಕ್ಕಳಿಗೂ ಒಗ್ಗುವ ತರಗತಿ'. ನಡೆಯಲಾಗದ ಮಗು, ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ನಿಧಾನವಾಗಿ ಕಲಿಯುವ ಮಗು, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಕಲಿಯಬೇಕಾದರೆ ಆ ಕೋಣೆಯನ್ನು ಹೇಗೆ ಬದಲಾಯಿಸಬೇಕು ಎಂದು ಚಿತ್ರಗಳ ಸಮೇತ ಬರೆದಿದ್ದರು. ಊರು ಬರುವಷ್ಟರಲ್ಲಿ ಮೂರು ಸಲ ಓದಿ ಮುಗಿಸಿದೆ. ಮೂರನೆಯ ಸಲ ನನಗೆ ಅನಿಸಿದ್ದು: ಇಷ್ಟೇನಾ!

ಇದು ತೊಂಬತ್ತನಾಲ್ಕರಲ್ಲೋ ತೊಂಬತ್ತೈದರಲ್ಲೋ ನಡೆದದ್ದು. ಆಗ ನನ್ನ ದಿನಚರಿಯಲ್ಲಿ ಇಸವಿ ಬರೆಯುವ ಅಭ್ಯಾಸ ಇರಲಿಲ್ಲ; ಇಷ್ಟು ಮುಖ್ಯವಾದ ವರ್ಷ ತಾನಾಗಿ ನೆನಪಿರುತ್ತದೆ ಎಂದುಕೊಂಡಿದ್ದೆ. ಈಗ ನೆನಪಿನ ಮೇಲೆ ನನಗೆ ಅಂಥ ನಂಬಿಕೆ ಇಲ್ಲ. ಅದು ನನಗೆ ಬೇಕಾದ ಕಡೆ ಸುಣ್ಣ ಬಳಿದು, ಬೇಡವಾದ ಕಡೆ ಬಾಗಿಲು ಹಾಕಿಬಿಡುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ನನಗೆ ಅವಮಾನವಾಗುವ ಭಾಗಗಳನ್ನು ನೀವು ಪೂರ್ತಿ ನಂಬಬಹುದು. ಎಲ್ಲಾದರೂ ನಾನು ಜಾಣೆಯಂತೆ ಕಂಡರೆ ಮಾತ್ರ ಸ್ವಲ್ಪ ಅನುಮಾನಿಸಿ.

ನಾನು ಪೆನ್ನಾಗರಂ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಮೂರನೆಯ ತರಗತಿಯ ಟೀಚರ್ ಆಗಿದ್ದೆ. ಊರಿನವರು ಮಳೆ ನಂಬಿ ರಾಗಿ ಬೆಳೆದು, ಕುರಿ ಸಾಕಿ, ಮನೆಯಲ್ಲಿ ಕನ್ನಡ ಆಡುವ ಜನ. ಶಾಲೆ ತಮಿಳಿನದು. ನನ್ನ ಮೂವತ್ತಾರು ಮಕ್ಕಳಲ್ಲಿ ಮಾದೇವಿ ಒಬ್ಬಳು. ಒಂಬತ್ತು ವರ್ಷದ ಹುಡುಗಿ. ಪೋಲಿಯೋದಿಂದ ಎಡಗಾಲಿನ ಬಲ ಹೋಗಿತ್ತು. ಮಂಡಿಯ ಮೇಲೆ ಕೈ ಒತ್ತಿಕೊಂಡು, ಒಂದು ಕಡೆ ವಾಲಿ ನಡೆಯುತ್ತಿದ್ದಳು. ಶಾಲೆ ಅವಳ ಮನೆಯಿಂದ ಎರಡು ಹೊಲದಾಚೆ. ಒಂದು ದಿನವೂ ತಡವಾಗಿ ಬಂದವಳಲ್ಲ. ತಡವಾಗಿ ಬರುತ್ತಿದ್ದವಳು ನಾನು.

ತರಬೇತಿಯಿಂದ ಬಂದ ಮರುದಿನ ಹೆಡ್‌ಮಾಸ್ಟರು ಗೋವಿಂದಸ್ವಾಮಿ ಸಾರ್ ನನ್ನ ಕೈಗೊಂದು ಕಾಗದ ಕೊಟ್ಟರು. ಅವರು ಕಾಗದಕ್ಕೆ ಹೆದರುವ ಮನುಷ್ಯ. ಹಾವಾದರೆ ಕೋಲು ಹುಡುಕುತ್ತಿದ್ದರು, ಸರ್ಕಾರಿ ಲಕೋಟೆ ಬಂದರೆ ಕುರ್ಚಿ ಹುಡುಕುತ್ತಿದ್ದರು.

"ಓದಿ ಟೀಚರಮ್ಮ. ನಾನು ಎರಡು ಸಲ ಓದಿ ಎರಡು ಲೋಟ ನೀರು ಕುಡಿದೆ."

ಮುಂದಿನ ವಾರ ಶುಕ್ರವಾರ ಶಾಲಾ ತಪಾಸಣೆಯ ಅಧಿಕಾರಿ ಬರುವವರಿದ್ದರು. ಕಾಲಿಲ್ಲದ, ಕಣ್ಣಿಲ್ಲದ ಮಕ್ಕಳಿಗೆ ನಮ್ಮಲ್ಲಿ ಅನುಕೂಲ ಇದೆಯೇ ಎಂದು ನೋಡುತ್ತಾರಂತೆ. ಇಲ್ಲದಿದ್ದರೆ ಮಾದೇವಿಯ ಹೆಸರು ಇಲ್ಲಿಂದ ತೆಗೆದು ಸೇಲಂನ ಹಾಸ್ಟೆಲ್ ಶಾಲೆಗೆ ಕಳಿಸುತ್ತಾರಂತೆ. ಅವಳ ತಂದೆಯೂ ಅಂದು ಹಾಜರಿರಬೇಕಂತೆ.

ತಂದೆ ಬೀರಪ್ಪನನ್ನು ಕರೆಸಿ ಹೇಳಿದೆವು. ಅವರು ಹೆಗಲ ಮೇಲಿನ ಕಂಬಳಿಯನ್ನು ಒಮ್ಮೆ ಸರಿಮಾಡಿಕೊಂಡರು.

"ಸೇಲಂಗಾ? ಅಷ್ಟು ದೂರ ಎಣ್ಣು ಕೂಸ ಕಳ್ಸಕ್ಕಾಯ್ತದಾ ಟೀಚರಮ್ಮ? ಇಲ್ಲಿ ಆಗಕಿಲ್ಲ ಅಂದ್ರೆ ಇಸ್ಕೂಲೇ ಬ್ಯಾಡ. ಕುರಿಮರಿ ನೋಡ್ಕೊಂಡು ಮನೇಲಿರ್ಲಿ, ಅಷ್ಟೇಯ."

ಅಪ್ಪನ ಹಿಂದೆ ಮಾದೇವಿ ನಿಂತಿದ್ದಳು. ಸ್ಲೇಟನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಅದರ ಮೇಲಿನ ಬಳಪದ ಅಕ್ಷರವೆಲ್ಲ ಅವಳ ಅಂಗಿಗೆ ಹತ್ತಿತು.

"ಯೋಚನೆ ಬೇಡ ಬೀರಪ್ಪ. ಎಂಟು ದಿನದಲ್ಲಿ ಎಲ್ಲ ಸರಿಮಾಡ್ತೀನಿ!" ಎಂದೆ ನಾನು.

ಈ ಮಾತಿಗೆ ಮೂವರು ಸಾಕ್ಷಿಗಳಿದ್ದಾರೆ. ಇಲ್ಲದಿದ್ದರೆ ನಾನು ಹಾಗೆ ಹೇಳಿಯೇ ಇಲ್ಲ ಎಂದು ಇಂದು ವಾದಿಸುತ್ತಿದ್ದೆ.

ಮೊದಲು ಎರಡನೆಯ ಹಾಳೆಯನ್ನು ಜಾರಿಗೆ ತಂದೆ. ಮಕ್ಕಳು ಒಬ್ಬರ ಬೆನ್ನು ಒಬ್ಬರು ನೋಡುತ್ತ ಕೂರಬಾರದು, ಎದುರುಬದುರಾಗಿ ಕೂರಬೇಕು ಎಂದು ಅದರಲ್ಲಿತ್ತು. ಬೆಳಗ್ಗೆ ಬೇಗ ಹೋಗಿ ಚಾಪೆಗಳನ್ನು ಎರಡು ಸಾಲಾಗಿ ಹಾಸಿದೆ. ಪ್ರಾರ್ಥನೆ ಮುಗಿದ ಮೇಲೆ, "ಎಲ್ಲರೂ ಎದುರುಬದುರು ಕೂತ್ಕೊಳ್ಳಿ" ಎಂದೆ. ಕೂತರು. ಒಬ್ಬರ ಮುಖ ಒಬ್ಬರು ನೋಡಿದರು. ನಂತರ ಮೂವತ್ತೈದು ಮಕ್ಕಳು ಒಟ್ಟಿಗೆ ಎದ್ದು ಹೊರಗೆ ಓಡಿದರು. ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಎಲ್ಲರೂ ವಾಪಸು ಬಂದು ಕೂತಿದ್ದರು. ಪ್ರತಿಯೊಬ್ಬರ ಮುಂದೆಯೂ ಒಂದು ತಟ್ಟೆ!

ನಮ್ಮ ಶಾಲೆಯಲ್ಲಿ ಮಕ್ಕಳು ಎದುರುಬದುರು ಕೂರುತ್ತಿದ್ದದ್ದು ಒಂದೇ ಹೊತ್ತು, ಮಧ್ಯಾಹ್ನದ ಊಟಕ್ಕೆ. ಮಾದೇವಿಯ ತಟ್ಟೆಯನ್ನೂ ಯಾರೋ ತಂದಿಟ್ಟಿದ್ದರು. ಅಡುಗೆಯ ಆಯಾ ಸೌಟು ಹಿಡಿದೇ ಬಂದರು.

"ಯಾರಮ್ಮ ಊಟ ಅಂದೋರು? ಇನ್ನೂ ಒಲೇನೇ ಅಚ್ಚಿಲ್ಲ!"

ಆ ದಿನ ಏನು ಪಾಠ ಮಾಡಿದರೂ ಮಕ್ಕಳ ಕಣ್ಣು ತಟ್ಟೆಯ ಮೇಲೆಯೇ. ಗುಣಾಕಾರ ಹೇಳುವಾಗ ಒಬ್ಬ, "ಟೀಚರ್, ಇವತ್ತು ಮೊಟ್ಟೆನಾ?" ಎಂದು ಕೇಳಿದ. ಮರುದಿನ ಚಾಪೆಗಳು ಮೊದಲಿನಂತೆಯೇ ಹಾಸಿಕೊಂಡವು. ಹಾಸಿದವಳು ನಾನೇ.

ಎರಡನೆಯ ಸುಧಾರಣೆಗೆ ನನ್ನ ಗಂಡನ ಸಹಾಯ ಸಿಕ್ಕಿತು. ಅವರಿಗೆ ಪೆನ್ನಾಗರಂನಲ್ಲಿ ರೇಡಿಯೋ ರಿಪೇರಿ ಅಂಗಡಿ. ಮಾದೇವಿಗೆ ಕೈಯಿರುವ, ಬೆನ್ನಿರುವ, ಕಾಲಿಡಲು ಹಲಗೆಯಿರುವ ಕುರ್ಚಿ ಬೇಕು ಎಂದು ನಾಲ್ಕನೆಯ ಹಾಳೆಯ ಚಿತ್ರ ತೋರಿಸಿದೆ. ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಇಂಥದ್ದು ನೋಡಿದೀನಿ ಸರೋಜಾ. ನಾಳೆ ತರ್ತೀನಿ."

ತಂದರು. ಬಸ್ಸಿನ ಮೇಲೆ ಹಗ್ಗ ಕಟ್ಟಿ ತಂದರು. ಅವರ ಅಂಗಡಿಯ ಪಕ್ಕದ ಕ್ಷೌರದಂಗಡಿಯವರು ಹೊಸ ಕುರ್ಚಿ ಹಾಕಿಸಿದ್ದರಿಂದ ಬಿಟ್ಟುಕೊಟ್ಟ ಹಳೆಯ ಕುರ್ಚಿ! ಕೈಯಿತ್ತು, ಬೆನ್ನಿತ್ತು, ಕಾಲಿಡುವ ಹಲಗೆಯಿತ್ತು. ತಲೆಯಿಡಲು ಒಂದು ದಿಂಬೂ ಇತ್ತು. ಅಷ್ಟೇ ಅಲ್ಲ, ಅದು ತಿರುಗುತ್ತಿತ್ತು.

"ನೀನು ಕೊಟ್ಟ ಚಿತ್ರದಲ್ಲಿ ತಿರುಗಬಾರದು ಅಂತ ಎಲ್ಲಿ ಬರೆದಿತ್ತು?" ಎಂದರು.

ಬರೆದಿರಲಿಲ್ಲ. ಮಾದೇವಿಯನ್ನು ಎತ್ತಿ ಅದರ ಮೇಲೆ ಕೂರಿಸಿದೆ. ಕುರ್ಚಿ ಎತ್ತರ. ಅವಳ ಕಾಲು ಹಲಗೆಗೆ ಎಟುಕಲಿಲ್ಲ. ಕೆಳಗೆ ಚಾಪೆಯ ಮೇಲೆ ಕೂತಿದ್ದಾಗ ಕೈಯೂರಿ ಸರಸರನೆ ಸರಿದು ಯಾರ ಹತ್ತಿರ ಬೇಕಾದರೂ ಹೋಗುತ್ತಿದ್ದಳು. ಸ್ಲೇಟು ತೋರಿಸಿ ಬರುತ್ತಿದ್ದಳು, ಬಳಪ ಕಿತ್ತುಕೊಂಡು ಬರುತ್ತಿದ್ದಳು, ಒಂದೆರಡು ಏಟು ಕೊಟ್ಟೂ ಬರುತ್ತಿದ್ದಳು. ಈಗ ಉತ್ಸವಮೂರ್ತಿಯ ಹಾಗೆ ಎಲ್ಲರಿಗಿಂತ ಮೇಲೆ, ಒಬ್ಬಳೇ. ಅವಳ ಗೆಳತಿಯರು ಕತ್ತೆತ್ತಿ ನೋಡಿ, ಸುಸ್ತಾಗಿ, ತಮ್ಮ ತಮ್ಮಲ್ಲೇ ಮಾತಾಡತೊಡಗಿದರು.

"ಇಳ್ಸಿ ಟೀಚರ್" ಎಂದಳು.

"ಅಭ್ಯಾಸ ಆಗತ್ತೆ, ಕೂತ್ಕೋ" ಎಂದೆ.

ದಿನಚರಿಯಲ್ಲಿ ಆ ದಿನದ ಸಾಲು ಹೀಗಿದೆ: "ಮಾದೇವಿ ಕುರ್ಚಿಯಲ್ಲಿ ಬಹಳ ಸಮಾಧಾನದಿಂದ ಕೂತಿದ್ದಳು." ಸಮಾಧಾನ ಯಾರದು ಎಂದು ಈಗ ಓದುವಾಗ ಕೇಳಿಕೊಳ್ಳುತ್ತೇನೆ. ಇಳಿಯಲಾಗದೆ ಕೂತವಳ ಮುಖದಲ್ಲಿ ನನಗೆ ಬೇಕಾದದ್ದನ್ನು ಓದಿಕೊಂಡೆನೇ? ಓದಿಕೊಂಡೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ. ಆದರೆ ಏಳನೆಯ ಹಾಳೆ ಉಳಿದಿತ್ತು. ಮೆಟ್ಟಿಲಿದ್ದ ಕಡೆ ಇಳಿಜಾರು ಕಟ್ಟಬೇಕು. ಮಗು ಹಿಡಿದುಕೊಳ್ಳಲು ಎರಡು ಪಕ್ಕದಲ್ಲೂ ಆಸರೆ ಇರಬೇಕು. ನಮ್ಮ ತರಗತಿಗೆ ಮೂರು ಎತ್ತರದ ಕಲ್ಲು ಮೆಟ್ಟಿಲು. ಒಂದಡಿ ಎತ್ತರಕ್ಕೆ ಎಷ್ಟು ಅಡಿ ಉದ್ದದ ಇಳಿಜಾರು ಬೇಕು ಎಂಬ ಅಂಕಿ ಇದ್ದ ಜಾಗದಲ್ಲಿ ಮಸಿ ಹರಡಿತ್ತು. 'ಎರಡು' ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಎಡಕ್ಕೆ ಮಸಿಯೊಳಗೆ ಒಂದು 'ಒಂದು' ಮುಳುಗಿತ್ತು ಎಂದು ತಿಳಿದದ್ದು ಬಹಳ ದಿನಗಳ ಮೇಲೆ. ಹನ್ನೆರಡು ಅಡಿ ಬೇಕಾದಲ್ಲಿ ನಾನು ಎರಡಡಿ ಎಂದೆ.

ಊರಿನ ಚಿನ್ನಪ್ಪ ಮೇಸ್ತ್ರಿಯನ್ನು ಕರೆಸಿದೆ. ಇಷ್ಟು ಬೇಗ ಅರ್ಥ ಮಾಡಿಕೊಳ್ಳುವ ಮನುಷ್ಯನನ್ನು ನಾನು ಮೊದಲು ಕಂಡಿರಲಿಲ್ಲ.

"ಇಳಿಜಾರು ಬೇಕು ಮೇಸ್ತ್ರಿ. ಎರಡು ಕಡೆಯೂ ಗೋಡೆ ಬೇಕು."

"ಗೊತ್ತಾಯ್ತು ಕಣಮ್ಮ. ಕೆಳಗೆ ಅಗಲ, ಮ್ಯಾಕೆ ಓಯ್ತಾ ಓಯ್ತಾ ಕಿರಿದು. ನುಗ್ಗಾಡ್ದಂಗೆ ಒಂದೊಂದೇ ಓಗ್ಬೇಕು. ಅಂಗೇ ತಾನೆ?"

"ಹೌದು ಹೌದು, ಒಬ್ಬೊಬ್ಬರೇ! ಇಂಥದ್ದು ಮೊದಲು ಕಟ್ಟಿದ್ದೀರಾ?"

"ಒಳ್ಳೆ ಮಾತು! ಈ ಸುತ್ತಿನಾಗೆ ನೂರು ಕಟ್ಟಿವ್ನಿ."

ನಾನು ಬೆರಗಾದೆ. ಧರ್ಮಪುರಿಯಲ್ಲಿ ನಮಗೆ ಪಾಠ ಮಾಡಿದವರೇ ಇಂಥ ಇಳಿಜಾರನ್ನು ಚಿತ್ರದಲ್ಲಷ್ಟೇ ನೋಡಿದ್ದರು. ಈ ಮೂಲೆಯಲ್ಲಿ ಒಬ್ಬ ಮೇಸ್ತ್ರಿ ನೂರು ಕಟ್ಟಿದ್ದಾರೆ! "ಎಂಥ ಮುಂದುವರಿದ ಊರು" ಎಂದು ದಿನಚರಿಯಲ್ಲಿ ಬರೆದೆ. ಆ ನೂರನ್ನು ಯಾರಿಗಾಗಿ ಕಟ್ಟಿದರು ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ.

ಬುಧವಾರ ಮತ್ತು ಗುರುವಾರ ಬೇವಿನ ಮರದ ಕೆಳಗೆ ಪಾಠ ನಡೆಯಿತು. ಮೇಸ್ತ್ರಿ ಮೆಟ್ಟಿಲುಗಳನ್ನು ಪೂರ್ತಿ ಮುಚ್ಚಿ, ಕಲ್ಲು ತುಂಬಿ, ಗಾರೆ ಹಾಕಿ, ತಟ್ಟಿ ತಟ್ಟಿ ನುಣುಪು ಮಾಡಿದರು. ಗುರುವಾರ ಸಂಜೆ ಮಾದೇವಿಯನ್ನು ಕರೆದೆ. ಹೆಡ್‌ಮಾಸ್ಟರು, ನನ್ನ ಗಂಡ, ನಾನು, ಮೂವರೂ ಉದ್ಘಾಟನೆಗೆ ನಿಂತೆವು.

ಅವಳು ಮಂಡಿಗೆ ಕೈ ಒತ್ತಿ ಒಂದು ಹೆಜ್ಜೆ ಇಟ್ಟಳು. ಜಾರಿ ಕೆಳಗೆ ಬಂದಳು. ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟಳು. ಎಡಗಾಲು ಹಿಂದಕ್ಕೆ ಜಾರಿ, ಗೋಡೆಗೆ ಮೊಣಕೈ ತರಚಿತು. ಮೂರನೆಯ ಸಲ ನಾನು ಹಿಂದಿನಿಂದ ತಳ್ಳಿದೆ. ಇಬ್ಬರೂ ಜಾರಿದೆವು!

ಇಷ್ಟು ದಿನ ಮಾದೇವಿ ಈ ಕೋಣೆಯೊಳಗೆ ತಾನಾಗಿ ಹೋಗಿ ಬರುತ್ತಿದ್ದಳು. ಅನುಕೂಲ ಮಾಡಿಕೊಟ್ಟ ಮೇಲೆ ಹೋಗಲಾರಳು! ಅವಳು ಮೊಣಕೈ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಟೀಚರ್, ನಾಳಿಕ್ಕೆ ಆಪೀಸರ್ ಬಂದ್ರೆ ನನ್ ಎಸ್ರು ಒಡ್ದಾಕ್ತಾರಾ?"

"ಇಲ್ಲಮ್ಮ" ಎಂದೆ.

"ಒಡೆಸಿಬಿಡೋಣ" ಎಂದರು ನನ್ನ ಗಂಡ. ಆದರೆ ಮೇಸ್ತ್ರಿ ಕೆಲಸ ಮುಗಿದ ಕೂಡಲೇ ನೆಂಟರ ಮದುವೆಗೆ ಪಾಲಕೋಡಿನ ಬಸ್ಸು ಹತ್ತಿದ್ದರು. ಹಾರೆ ಅವರ ಮನೆಯಲ್ಲಿ, ಮನೆಗೆ ಬೀಗ. ಹೆಡ್‌ಮಾಸ್ಟರು ತಲೆಯಾಡಿಸಿದರು.

"ಕಟ್ಟಿದ್ದಕ್ಕೇ ಇನ್ನೂ ಕಾಗದ ಬರೆದಿಲ್ಲ ಟೀಚರಮ್ಮ. ಒಡೆದದ್ದಕ್ಕೂ ಬರೀಬೇಕಾ?"

ಕೊನೆಗೆ ನಾನೊಂದು ಉಪಾಯ ಹೂಡಿದೆ. ಅಧಿಕಾರಿ ಬರುವ ಮೊದಲೇ ಮಾದೇವಿಯನ್ನು ಎತ್ತಿ ಒಳಗೆ ಕೂರಿಸುವುದು. ಅವರು ಹೋಗುವವರೆಗೆ ಏಳಿಸದೇ ಇರುವುದು. ಅವಳು ಹತ್ತುವುದನ್ನೂ ಇಳಿಯುವುದನ್ನೂ ಅವರು ನೋಡಬಾರದು. ಇಳಿಜಾರನ್ನೂ ಮಗುವನ್ನೂ ಬೇರೆ ಬೇರೆಯಾಗಿ ನೋಡಿ ಮೆಚ್ಚಿಕೊಳ್ಳಬೇಕು. ಬಿ.ಎ., ಬಿ.ಎಡ್. ಓದಿದವಳ ತಲೆಗೆ ಹೊಳೆದದ್ದು ಇದು.

ಶುಕ್ರವಾರ ಬೆಳಗ್ಗೆ ಚಪ್ಪಲಿ ಬಿಚ್ಚಿ, ಅವಳನ್ನು ಸೊಂಟಕ್ಕೆತ್ತಿಕೊಂಡು, ಗೋಡೆ ಹಿಡಿದು ಹೇಗೋ ಹತ್ತಿದೆ. ಕುರ್ಚಿಯಲ್ಲಿ ಕೂರಿಸಿ ಹೇಳಿದೆ:

"ಏನೇ ಆದ್ರೂ ಇಳಿಬಾರದು. ತಿಳೀತಾ?"

"ಒಂದುಕ್ಕೆ ಬಂದ್ರೆ ಟೀಚರ್?"

ಹನ್ನೆರಡು ಹಾಳೆಗಳಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಅಧಿಕಾರಿ ಹನ್ನೊಂದು ಗಂಟೆಗೆ ಬಂದರು. ಸೇಲಂ ಕಡೆಯವರು, ತಮಿಳಿನವರು, ಸಣ್ಣ ದನಿಯ ಮನುಷ್ಯ. ಕೂಗಾಡುವವರಾಗಿದ್ದರೆ ನನಗೆ ಧೈರ್ಯ ಇರುತ್ತಿತ್ತು. ಇವರು ಸುಮ್ಮನೆ ನೋಡುತ್ತಿದ್ದರು. ಇಳಿಜಾರನ್ನು ನೋಡಿದರು. ಗೋಡೆ ಹಿಡಿದುಕೊಂಡು, ಒಮ್ಮೆ ಜಾರಿ, ಮೇಲೆ ಬಂದರು. ಕುರ್ಚಿಯನ್ನು ನೋಡಿದರು. ತಲೆದಿಂಬನ್ನು ನೋಡಿ, ಯಾಕೋ ತಮ್ಮ ಗಲ್ಲ ಸವರಿಕೊಂಡರು.

"ಎನ್ನಮ್ಮಾ ಇದು?"

"ವಿಶೇಷ ಆಸನ ಸಾರ್" ಎಂದೆ ತಮಿಳಿನಲ್ಲಿ.

ಅವರು ಹೇಳಿದ ಮಾತು ಹೆಚ್ಚು ಕಡಿಮೆ ಹೀಗಿತ್ತು: "ಇಂಥ ಮಕ್ಕಳನ್ನು ಮೂಲೆಯಲ್ಲಿ ಕೂರಿಸಿ ಹಾಜರಿ ಹಾಕುವ ಶಾಲೆಗಳನ್ನು ಬಹಳ ನೋಡಿದ್ದೇನೆ. ಸಾಮಾನಿನ ಹಾಗೆ ಇಟ್ಟಿರುತ್ತಾರೆ. ಅದಕ್ಕಿಂತ ಸೇಲಂ ಮೇಲು. ಈ ಮಗು ಒಮ್ಮೆ ತಾನಾಗಿ ಹೊರಗೆ ಹೋಗಿ ಒಳಗೆ ಬರಲಿ, ನೋಡೋಣ."

ಅವರು ಹೇಳಿದ್ದು ಸರಿಯಾಗಿತ್ತು. ಅದೇ ಭಯ. ನಾನು ಸಾಮಾನಿನ ಹಾಗೆ ಕೂರಿಸಿದ್ದ ಮಗುವನ್ನೇ ಅವರು ಬೆರಳಿಟ್ಟು ತೋರಿಸುತ್ತಿದ್ದರು.

"ಮೊದಲು ಮಕ್ಕಳು ಒಂದು ಹಾಡು ಹೇಳ್ತಾರೆ ಸಾರ್" ಎಂದೆ. ಹೇಳಿದರು. "ಮಗ್ಗಿ ಹೇಳ್ತಾರೆ ಸಾರ್" ಎಂದೆ. ಏಳರಿಂದ ಹಿಡಿದು ಹದಿಮೂರರವರೆಗೆ ಹೇಳಿದರು. ಹೆಡ್‌ಮಾಸ್ಟರು ಮಜ್ಜಿಗೆ ತಂದರು. ಮತ್ತೆ ಮಜ್ಜಿಗೆ ತಂದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಕುರ್ಚಿಯ ಮೇಲೆ ಮಾದೇವಿ ಎರಡು ಕಾಲನ್ನೂ ಬಿಗಿಯಾಗಿ ಜೋಡಿಸಿಕೊಂಡು ನನ್ನತ್ತ ನೋಡುತ್ತಿದ್ದಳು.

"ಟೀಚರ್..."

"ಸ್ವಲ್ಪ ತಡಿ."

"ತಡಿಯಕ್ಕಾಗಲ್ಲ ಟೀಚರ್!"

"ಮಗು ಏನು ಹೇಳುತ್ತಿದೆ?" ಎಂದರು ಅಧಿಕಾರಿ. ಅಷ್ಟರಲ್ಲಿ ಹೊರಗೆ ಗಂಟೆಯ ಸದ್ದು ಕೇಳಿತು. ಶಾಲೆಯ ಗಂಟೆಯಲ್ಲ. ಸಣ್ಣ ಗಂಟೆ.

ಬೀರಪ್ಪ ಬಂದಿದ್ದರು. ಕಾಗದದಲ್ಲಿ ಅವರೂ ಇರಬೇಕೆಂದಿತ್ತು. ಮಂದೆ ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಅದನ್ನೂ ಹೊಡೆದುಕೊಂಡು ಬಂದಿದ್ದರು. ಬೇವಿನ ನೆರಳಿನಲ್ಲಿ ಕುರಿಗಳನ್ನು ಬಿಟ್ಟು ಹೆಡ್‌ಮಾಸ್ಟರ ಕೋಣೆಯತ್ತ ನಾಲ್ಕು ಹೆಜ್ಜೆ ಇಟ್ಟಿದ್ದರಷ್ಟೇ.

ಇಲ್ಲಿ ಒಂದು ಮಾತು ಹೇಳಬೇಕು. ಆ ಊರಿನಲ್ಲಿ ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡುವಾಗ ಒಂದು ಕಿರಿದಾದ ಓಣಿಯ ಮೂಲಕ ಬಿಡುತ್ತಾರೆ. ಕಲ್ಲು ಹಾಸಿದ ಏರು, ಎರಡು ಕಡೆ ಮೋಟು ಗೋಡೆ, ಕೆಳಗೆ ಅಗಲ, ಮೇಲೆ ಕಿರಿದು. ಒಂದೊಂದೇ ಕುರಿ ಹತ್ತಿ ಒಳಗೆ ಹೋಗುತ್ತದೆ. ಯಜಮಾನ ಪಕ್ಕದಲ್ಲಿ ನಿಂತು ಎಣಿಸುತ್ತಾನೆ. ಚಿನ್ನಪ್ಪ ಮೇಸ್ತ್ರಿ ಆ ಸುತ್ತಿನಲ್ಲಿ ಕಟ್ಟಿದ ನೂರೂ ಅವೇ. ನೂರ ಒಂದನೆಯದು ನನ್ನದು.

ಮಂದೆಯ ಮುಂದಾಳು ಕರಿಮೂತಿ ಎಂಬ ಹಳೆಯ ಕುರಿ. ಅದರ ಕೊರಳಲ್ಲೇ ಗಂಟೆ. ಅದು ಇಳಿಜಾರನ್ನು ನೋಡಿತು. ಹುಟ್ಟಿದಾಗಿನಿಂದ ಕಂಡ ದಾರಿ. ಗೊರಸು ಜಾರಲಿಲ್ಲ, ಗೋಡೆ ಹಿಡಿಯಬೇಕಾಗಲಿಲ್ಲ. ಟಕಟಕನೆ ಹತ್ತಿ, ಹೊಸಿಲು ದಾಟಿ, ಮೂರನೆಯ ತರಗತಿಗೆ ಬಂದಿತು. ಹಿಂದೆ ಎರಡನೆಯದು. ಹಿಂದೆ ಮೂರನೆಯದು!

"ಬೀರಪ್ಪಾ! ಕುರಿ! ತಡೀರಿ!" ಎಂದು ಕಿಟಕಿಯಿಂದ ಕೂಗಿದೆ.

ಓಡಿ ಬಂದ ಬೀರಪ್ಪ ಇಳಿಜಾರಿನ ಪಕ್ಕ ನಿಂತರು. ನಿಂತವರು ಅಭ್ಯಾಸಬಲದಿಂದ ಎಣಿಸತೊಡಗಿದರು.

"ಅನ್ನೊಂದು... ಅನ್ನೆಲ್ಡು..."

"ಎಣಿಸಬೇಡಿ! ತಡೀರಿ!"

"ಸುಮ್ಕಿರಿ ಟೀಚರಮ್ಮ, ಲೆಕ್ಕ ತಪ್ಪೋಯ್ತದೆ! ಅದ್ಮೂರು..."

ಕೋಣೆಗೆ ಒಂದೇ ಬಾಗಿಲು. ಕಿಟಕಿಗೆ ಕಂಬಿ. ಬರುವ ಕುರಿ ನಿಲ್ಲಲಿಲ್ಲ. ಬಂದ ಕುರಿಗೆ ಹೋಗಲು ದಾರಿಯಿಲ್ಲ. ಮಕ್ಕಳು ಗೋಡೆಗೆ ಒತ್ತಿ ನಿಂತು ಕುಣಿಯುತ್ತಿದ್ದರು. ಕರಿಮೂತಿ ನೇರವಾಗಿ ಕಪ್ಪುಹಲಗೆಯ ಹತ್ತಿರ ಹೋಗಿ, ನಾನು ಎರಡು ದಿನ ಕೂತು ಬರೆದಿದ್ದ ಬಣ್ಣದ ಚಾರ್ಟನ್ನು ತಿನ್ನಲು ಶುರುಮಾಡಿತು. ಎಲ್ಲ ಮಕ್ಕಳೂ ಸಮಾನರು ಎಂದು ಅದರಲ್ಲಿ ಬರೆದಿದ್ದೆ.

"ಇಳ್ಸಿ ಟೀಚರ್!" ಎಂದು ಮಾದೇವಿ ಕಿರುಚಿದಳು.

ಇಳಿಸಿದೆ. ಎಂಟು ದಿನದಲ್ಲಿ ಅವಳು ಹೇಳಿದ್ದನ್ನು ನಾನು ಮಾಡಿದ್ದು ಅದೇ ಮೊದಲು. ಖಾಲಿಯಾದ ಕುರ್ಚಿಗೆ ಅಧಿಕಾರಿ ಹತ್ತಿದರು. ಕಾಲು ಮೇಲೆತ್ತಿ ಕೂತರು. ಕುರಿಗಳು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಒತ್ತುತ್ತಿದ್ದಂತೆ ಕುರ್ಚಿ ನಿಧಾನವಾಗಿ ತಿರುಗತೊಡಗಿತು. ಹೀಗೆ ಅಧಿಕಾರಿಗಳು ನಮ್ಮ ತರಗತಿಯನ್ನು ನಾಲ್ಕೂ ದಿಕ್ಕಿನಿಂದ ತಪಾಸಣೆ ಮಾಡಿದರು.

ಮಾದೇವಿ ನೆಲದ ಮೇಲೆ ಕೈಯೂರಿ ಕುರಿಗಳ ಕಾಲುಗಳ ನಡುವೆ ಸರಸರನೆ ಸರಿದು ಹೋದಳು. ಒಂದು ಕ್ಷಣ ಅವಳು ಕಾಣಲೇ ಇಲ್ಲ. ತುಳಿದುಬಿಟ್ಟರೆ? ಸೇಲಂಗೆ ಕಳಿಸುವುದು ಹಾಗಿರಲಿ, ಬೀರಪ್ಪನಿಗೆ ಏನು ಹೇಳಲಿ? ಆಗ ಕಪ್ಪುಹಲಗೆಯ ಹತ್ತಿರ ಅವಳ ತಲೆ ಕಂಡಿತು. ಕರಿಮೂತಿಯ ಕೊರಳು ತಬ್ಬಿ ಎದ್ದು ನಿಂತಿದ್ದಳು.

"ಏನೇ ಮೂದೇವಿ, ಟೀಚರ್ ಕಾಗ್ದ ತಿಂತೀಯಾ? ತಿರುಗ್ಕೊ! ತಿರುಗ್ಕೊಳೇ!"

ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡಿದಳು. ಕರಿಮೂತಿ ತಿರುಗಿತು. ಅದರ ಬೆನ್ನಿಗೆ ಭಾರ ಹಾಕಿ ಬಾಗಿಲಿಗೆ ನಡೆದಳು, ಇಳಿಜಾರಿನ ತುದಿಯಲ್ಲಿ ಕೂತು ಸುಂಯ್ ಎಂದು ಜಾರಿ ಕೆಳಗಿಳಿದಳು. ಹಿಂದೆಯೇ ಕುರಿಗಳು ಒಂದೊಂದಾಗಿ ಇಳಿದವು. ಬೀರಪ್ಪ ಮತ್ತೆ ಒಂದರಿಂದ ಎಣಿಸಿದರು. ಎಲ್ಲ ಸರಿಯಿತ್ತಂತೆ. ಮಾದೇವಿ ಮಾತ್ರ ಯಾರಿಗೂ ನಿಲ್ಲದೆ ಬೇಲಿಯ ಹಿಂದಕ್ಕೆ ಹೋದಳು. ಅವಳ ಆತುರ ಅವಳಿಗೆ.

ಆ ದಿನದ ದಿನಚರಿಯಲ್ಲಿ ಒಂದೇ ಪದ ಇದೆ: "ಕುರಿ." ಎಷ್ಟಿದ್ದವು ಎಂದು ಬರೆದಿಲ್ಲ. ನಲವತ್ತು ಎಂದು ನನ್ನ ನೆನಪು. ಇಪ್ಪತ್ತಕ್ಕಿಂತ ಹೆಚ್ಚಿರಲಿಲ್ಲ ಎಂದು ಹೆಡ್‌ಮಾಸ್ಟರು ಹೇಳುತ್ತಿದ್ದರು. ಆದರೆ ಅವರು ಆ ಹೊತ್ತು ಮಜ್ಜಿಗೆಯ ಪಾತ್ರೆಯೊಂದಿಗೆ ಕೋಣೆಯ ಮೂಲೆಯಲ್ಲಿ ಕಣ್ಣು ಮುಚ್ಚಿದ್ದರು.

ಅಧಿಕಾರಿ ಕೆಳಗಿಳಿದು ಪ್ಯಾಂಟು ಕೊಡವಿಕೊಂಡರು. ಬೇಲಿಯಿಂದ ಬಂದ ಮಾದೇವಿಯನ್ನು ಕರೆದು ತಮಿಳಿನಲ್ಲಿ ಕೇಳಿದರು.

"ಇಳಿದೆ, ಸರಿ. ಹತ್ತುವುದು ಹೇಗೆ?"

ಅವಳು ಅಪ್ಪನನ್ನು ನೋಡಿ, ನನ್ನನ್ನು ನೋಡಿ, ಕನ್ನಡದಲ್ಲಿ ಹೇಳಿದಳು:

"ಮೆಟ್ಲಿದ್ರೆ ನಾನೇ ಅತ್ತುತಿದ್ದೆ ಸಾ. ಅದ್ನ ಮುಚ್ಚಾಕ್ಬುಟ್ರು."

ಅಧಿಕಾರಿಗೆ ಕನ್ನಡ ಬಾರದು. ಅನುವಾದ ಮಾಡುವ ಕರ್ತವ್ಯ ನನ್ನ ಪಾಲಿಗೆ ಬಂತು! ಸ್ವಲ್ಪ ಮೆತ್ತಗೆ ಮಾಡಿ ಹೇಳೋಣ ಎಂದುಕೊಂಡೆ. ಆದರೆ ಪಕ್ಕದಲ್ಲಿ ಎರಡು ಭಾಷೆಯನ್ನೂ ಬಲ್ಲ ಹೆಡ್‌ಮಾಸ್ಟರು ನಿಂತಿದ್ದರು. ಇದ್ದ ಹಾಗೆಯೇ ಹೇಳಿದೆ.

"ಯಾರು ಮುಚ್ಚಿದ್ದು?"

"ಟೀಚರು."

ಅದನ್ನೂ ಅನುವಾದ ಮಾಡಿದೆ.

ಹೆಡ್‌ಮಾಸ್ಟರ ಕೋಣೆಯ ಮುಂದೆ ಅಂಥವೇ ಮೂರು ಮೆಟ್ಟಿಲಿದ್ದವು. "ತೋರಿಸು" ಎಂದರು ಅಧಿಕಾರಿ. ಮಾದೇವಿ ಮೆಟ್ಟಿಲಿಗೆ ಬೆನ್ನು ಹಾಕಿ ಕೂತಳು. ಎರಡು ಅಂಗೈಯನ್ನೂ ಹಿಂದಿನ ಮೆಟ್ಟಿಲಿಗೆ ಊರಿ, ಬಲಗಾಲಿನಿಂದ ಒತ್ತಿ ಮೇಲೆ ಹೋದಳು. ಒಂದು, ಎರಡು, ಮೂರು. ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಎರಡನೆಯ ತರಗತಿಯಿಂದ ಹಿಡಿದು ಎರಡು ವರ್ಷ ನಾನೇ ಅವಳಿಗೆ ಟೀಚರು. ಅವಳು ಹತ್ತುವುದನ್ನು ನಾನು ನೋಡಿದ್ದು ಅಂದೇ.

"ಇದನ್ನು ಟೀಚರಿಗೆ ಯಾಕೆ ಹೇಳಲಿಲ್ಲ?"

"ಟೀಚರು ಕೇಳ್ನಿಲ್ಲ."

ಇದನ್ನೂ ಇದ್ದ ಹಾಗೆಯೇ ಹೇಳಿದೆ.

ಅವರು ಹೆಡ್‌ಮಾಸ್ಟರ ಮೇಜಿನ ಮುಂದೆ ಕೂತು ಬರೆಯತೊಡಗಿದರು. ಬೀರಪ್ಪ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಮಾದೇವಿ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡುವ ಧೈರ್ಯವಿಲ್ಲದೆ ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದೆ. ಬರೆದು ಮುಗಿಸಿ, ಕಾಗದವನ್ನು ಹೆಡ್‌ಮಾಸ್ಟರಿಗೆ ಕೊಟ್ಟರು. ಹೆಡ್‌ಮಾಸ್ಟರು ಓದಿ, ಕುರ್ಚಿ ಹುಡುಕಿ, ಕೂತು, ನನಗೆ ಕೊಟ್ಟರು.

ಎರಡೇ ವಾಕ್ಯ. "ಮಗು ಇದೇ ಶಾಲೆಯಲ್ಲಿ ಮುಂದುವರಿಯಬಹುದು. ಮಗುವಿಗಾಗಿ ಮಾಡಿರುವ ವಿಶೇಷ ಅನುಕೂಲಗಳನ್ನೆಲ್ಲ ಕೂಡಲೇ ತೆಗೆದುಹಾಕತಕ್ಕದ್ದು."

ಬೀರಪ್ಪನಿಗೆ ಮೊದಲ ವಾಕ್ಯವನ್ನು ಮಾತ್ರ ಕನ್ನಡದಲ್ಲಿ ಹೇಳಿದೆ. "ಅಂಗಾರೆ ಎಸ್ರು ಒಡಿಯಕಿಲ್ವಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲವೆಂದೆ. ಮಾದೇವಿ ಆಗಲೇ ಮೆಟ್ಟಿಲಿಳಿದು ಗೆಳತಿಯರ ಹತ್ತಿರ ಹೋಗಿ, ಯಾರಿಗೋ ಒಂದು ಏಟು ಕೊಟ್ಟಳು.

ಮೇಸ್ತ್ರಿ ಮದುವೆಯಿಂದ ಬಂದು ಇಳಿಜಾರನ್ನು ಒಡೆದರು. "ಪಸ್ಟ್ ಕ್ಲಾಸಾಗಿತ್ತಲ್ಲಮ್ಮ, ಒಂದು ಕುರೀನೂ ಜಾರ್ನಿಲ್ವಂತೆ" ಎಂದು ಒಡೆಯುವಷ್ಟು ಹೊತ್ತೂ ಬೇಸರಪಟ್ಟರು. ಮೆಟ್ಟಿಲು ಮತ್ತೆ ಕಂಡ ದಿನ ನಾನು ಪಾಠ ನಿಲ್ಲಿಸಿ, ಮಾದೇವಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಕೈಯಲ್ಲಿ ಹೊಸ ಹಾಳೆ, ಪೆನ್ನು. ಈ ಸಲ ತಪ್ಪು ಮಾಡಬಾರದೆಂದು ನಿಶ್ಚಯಿಸಿದ್ದೆ.

"ನೋಡು ಮಾದೇವಿ, ಈಗ ಕೇಳ್ತಾ ಇದೀನಿ. ಕ್ಲಾಸಿನಲ್ಲಿ ನಿನಗೆ ಏನು ಕಷ್ಟ ಇದೆ? ಏನು ಬದಲಾಯಿಸಬೇಕು? ಹೆದರಿಕೊಳ್ಳದೆ ಹೇಳು."

ಅವಳು ಬಾಗಿಲು, ಕಿಟಕಿ, ಕಪ್ಪುಹಲಗೆ ಎಲ್ಲವನ್ನೂ ಒಮ್ಮೆ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ನೀವು ವಸಿ ನಿಧಾನುಕ್ಕೆ ಯೋಳಿ ಟೀಚರ್. ತಮಿಳ್ನಾಗೆ ನೀವು ಬೋ ಜೋರಾಗಿ ಓಯ್ತೀರ. ನಂಗೂ ತಿಳಿಯಕಿಲ್ಲ, ಯಾರ್ಗೂ ತಿಳಿಯಕಿಲ್ಲ."

ನಾನು ತರಗತಿಯತ್ತ ತಿರುಗಿ, "ಹೌದೇನ್ರೋ?" ಎಂದೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಎಲ್ಲ ಮಕ್ಕಳೂ ಒಟ್ಟಿಗೆ ಸರಿಯಾದ ಉತ್ತರ ಕೊಟ್ಟರು.

"ಊಂ ಟೀಚರ್!"

ನಾನು ಹೊಸೂರಿನ ಕಡೆಯವಳು. ಚಿಕ್ಕಂದಿನಲ್ಲಿ ಓದಿದ್ದು ಕನ್ನಡ ಶಾಲೆಯಲ್ಲಿ. ನನ್ನ ತಮಿಳಿನಲ್ಲಿ ಕನ್ನಡದ ಎಳೆತ ಯಾರಿಗೂ ಕೇಳಿಸಬಾರದೆಂದು ಸೇಲಂ ಕಾಲೇಜಿನ ದಿನಗಳಿಂದ ಬೇಗ ಬೇಗ ಮಾತಾಡಿ ಅಭ್ಯಾಸ. ಮುಂದೆ ಕೂತವರು ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರೆದುರು ಓಡುತ್ತಿದ್ದೆ. ಮೂವತ್ತಾರು ಮಕ್ಕಳಿಗೂ ಅಡ್ಡವಾಗಿದ್ದದ್ದು ಕೋಣೆಯಲ್ಲಿ ಒಂದೇ ಒಂದು. ಅದು ಪ್ರತಿದಿನ ಸೀರೆ ಉಟ್ಟು, ಸೀಮೆಸುಣ್ಣ ಹಿಡಿದು, ತಡವಾಗಿ ಬರುತ್ತಿತ್ತು!

ಸಂಜೆ ಮನೆಗೆ ಬಂದವಳೇ ಇದನ್ನೆಲ್ಲ ನನ್ನ ಗಂಡನಿಗೆ ಹೇಳಿದೆ. ಮಾದೇವಿ ಅಂದದ್ದು, ಮಕ್ಕಳು ಊಂ ಅಂದದ್ದು, ನನ್ನ ಕಣ್ಣು ತೆರೆದದ್ದು, ಇನ್ನು ಮುಂದೆ ನಾನು ಹೇಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತೇನೆ ಎಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರು ಬಿಚ್ಚಿಟ್ಟಿದ್ದ ರೇಡಿಯೋವನ್ನು ಪಕ್ಕಕ್ಕೆ ಸರಿಸಿ, ನನ್ನ ಮುಖವನ್ನೇ ಗಮನವಿಟ್ಟು ನೋಡಿದರು.

"ಇನ್ನೊಂದು ಸಲ ಹೇಳು ಸರೋಜಾ" ಎಂದರು. "ಮಾದೇವಿ ಅನ್ನೋ ತನಕ ಅರ್ಥ ಆಯ್ತು."